ತೆಳು ಎಣ್ಣೆ ತರಲು ಬಂಗಾರಪೇಟೆಗೆ

ಬೆಳಗಿನ ಹಾಲಿನ ಕ್ಯಾನುಗಳನ್ನು ಇಳಿಸಿ ಕ್ಯಾಸಂಬಳ್ಳಿ ಬಿಟ್ಟಾಗ ಎಂಟು ಗಂಟೆಯಾಗಿತ್ತು. ಧನುರ್ಮಾಸದ ಮಂಜು ಇನ್ನೂ ರಾಗಿ ಕೂಳೆಗಳ ಮೇಲೆಯೇ ಕೂತಿತ್ತು. ನನ್ನ ಪುಟ್ಟ ಡೀಸೆಲ್ ಗಾಡಿಯ ಗೇರು ಚಳಿಗೆ ಬಿಗಿದುಕೊಂಡು, ಎರಡನೆಯದಕ್ಕೆ ಹಾಕುವಷ್ಟರಲ್ಲಿ ತೋಳು ನೋಯುತ್ತಿತ್ತು. ಹೊರಟಿದ್ದು ರಾಬರ್ಟ್‌ಸನ್‌ಪೇಟೆಗೆ, ಮೆಕ್ಯಾನಿಕ್ ಸಗಾಯಂ ಹತ್ತಿರ ಎಣ್ಣೆ ಬದಲಾಯಿಸಲು. ಹದಿನೈದು ಕಿಲೋಮೀಟರಿನ ಆಸುಪಾಸಿನ ದಾರಿ.

ನಾನು ಎಂಟು ಹಳ್ಳಿಗಳಿಂದ ಹಾಲು ಸಾಗಿಸುತ್ತೇನೆ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ ಹದಿನಾಲ್ಕಕ್ಕೆ ಬಂದು ನಿಂತಿದೆ. ಡೀಸೆಲ್ ಹಾಕಿಸುವ ಗುತ್ತಿಗೆದಾರ ಹಿಂದಿನ ವಾರ ನೇರವಾಗಿಯೇ ಹೇಳಿದ್ದ: ತಿಂಗಳ ಕೊನೆಯೊಳಗೆ ಹದಿನೇಳಾದರೂ ಬರಬೇಕು, ಇಲ್ಲದಿದ್ದರೆ ರೂಟು ಬೇರೆಯವರಿಗೆ. ಗಾಡಿಗೆ ಬೇರೆ ಬಾಡಿಗೆ ಸಿಗದೆ ಇರದು. ಆದರೆ ದಿನಕ್ಕೆ ಎರಡು ಸಲ ನನ್ನ ಮುಖ ನೋಡಿ ಕೈ ಎತ್ತುವ ಜನ ಇರುವುದು ಆ ಎಂಟು ಹಳ್ಳಿಗಳಲ್ಲಿ ಮಾತ್ರ. ಹೆಂಡತಿ ರತ್ನ ಯುಗಾದಿಗೆ ಮುಂಚೆ ತೀರಿಕೊಂಡಳು. ಒಂಬತ್ತು ವರ್ಷ ಅವಳು ಪಕ್ಕದ ಸೀಟಿನಲ್ಲಿ ಕೂತು ಕ್ಯಾನು ಎಣಿಸುತ್ತಿದ್ದಳು. ಒಂದಾಳಿನ ಭಾರ ಕಡಿಮೆಯಾದ ಮೇಲೆ ಗಾಡಿ ಹೆಚ್ಚು ಡೀಸೆಲ್ ಕುಡಿಯುವುದು ಯಾವ ನ್ಯಾಯ ಎಂದು ನನಗೆ ಸಿಟ್ಟು.

ಸಗಾಯಂ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದ.

"ಇದು ಇಪ್ಪತ್ತು-ಐವತ್ತು ನಂಬರು. ಗೇರ್ ಬಾಕ್ಸಿಗೆ ಏನ್ ಹಾಕ್ದೆ ಪಾ?"

"ನೂರ ನಲವತ್ತು. ದಪ್ಪ ಇದ್ರೆ ಗಟ್ಟಿ ಅಂತ ಮೈನ್ಸಿನೋರು ಏಳುದ್ರು."

ಸಗಾಯಂ ನಕ್ಕ. ಅವನಪ್ಪ ಚಿನ್ನದ ಗಣಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದವರು. "ಅಪ್ಪಾನೂ ಅದೇ ಸೊಲ್ಲುವಾರು. ಅಲ್ಲಿ ಹಗ್ಗ ಸುತ್ತೋ ಮನೆ ಉದ್ದ ಡ್ರಮ್ಮು, ಆಳ್‌ಗಳನ್ನ ಗಣಿ ಕೆಳಗೆ ಇಳಿಸೋದು. ಅದಕ್ಕೆ ದಪ್ಪ ಎಣ್ಣೆ ಬೇಕು. ಈ ಊರೋರೆಲ್ಲ ಅದನ್ನೇ ಸ್ಕೂಟರಿಗೂ ಹಾಕ್ತಾರೆ. ನಾನೂ ಹತ್ತು ವರ್ಷ ಹಾಕ್ದೆ. ನಿನ್ನ ಬುಕ್ ಎಲ್ಲಿ?"

ಗಾಡಿಯ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಬಂದೇ ಇರಲಿಲ್ಲ. ಅದರಲ್ಲಿ ಎಂಜಿನ್ನಿಗೆ ಐದು-ಮೂವತ್ತು, ಗೇರಿಗೆ ಎಪ್ಪತ್ತೈದು-ತೊಂಬತ್ತು ಎಂದು ಬರೆದಿತ್ತು. ಮೊದಲ ನಂಬರು ಚಳಿಗೆ, ಎರಡನೆಯದು ಬಿಸಿಗೆ. ನಂಬರು ಚಿಕ್ಕದಾದಷ್ಟು ಎಣ್ಣೆ ತೆಳು, ಅದನ್ನು ಕಲಕಲು ಎಂಜಿನ್ ಪಡುವ ಪಾಡೂ ಕಡಿಮೆ ಎಂದು ಸಗಾಯಂ ವಿವರಿಸಿದ. ಹಾಗೆಂದು ಪುಸ್ತಕಕ್ಕಿಂತ ತೆಳುವಾದದ್ದನ್ನೂ ಹಾಕಬಾರದಂತೆ, ಒಳಗಿನ ಭಾಗಗಳು ಸವೆಯುತ್ತವೆ. ಪೇಟೆಯ ಮೂರು ಅಂಗಡಿ ಸುತ್ತಿದೆ. ಗಿರಾಕಿಗಳೆಲ್ಲ ಕೇಳುವುದು ದಪ್ಪದ್ದೇ ಆದ್ದರಿಂದ ಅಂಗಡಿಯವರೆಲ್ಲ ಇಟ್ಟಿದ್ದೂ ದಪ್ಪದ್ದೇ. ಬಂಗಾರಪೇಟೆಗೆ ಹೋಗಬೇಕಾಯಿತು.

ಗಾಡಿಯನ್ನು ಸಗಾಯಂಗೆ ಒಪ್ಪಿಸಿ, ಆಟೋ ಹಿಡಿದು ಊರಿಗಾಂ ಸ್ಟೇಷನ್ನಿಗೆ ಹೋದೆ. ಟಿಕೆಟ್ ಹತ್ತು ರೂಪಾಯಿ. "ಎರಡು" ಎಂದು ಬಾಯಿಗೆ ಬಂದಿತ್ತು, ನುಂಗಿ "ಒಂದು" ಎಂದೆ. ಬೆಂಗಳೂರಿನ ಕೆಲಸದವರೆಲ್ಲ ನಸುಕಿನ ರೈಲಿಗೇ ಹೋಗಿಬಿಟ್ಟಿದ್ದರಿಂದ ಬೋಗಿ ಬಹುಪಾಲು ಖಾಲಿ. ಕಿಟಕಿಯಾಚೆ ಗಣಿಯ ಬೂದು ಮಣ್ಣಿನ ದಿಬ್ಬಗಳು ಹಾದುಹೋದವು. ಪಕ್ಕದಲ್ಲಿ ಮಾತಾಡುವವರಿದ್ದರೆ ಇಪ್ಪತ್ತು ನಿಮಿಷದಷ್ಟೂ ಅನ್ನಿಸದ ದಾರಿ ಅದು. ನನಗೆ ತುಂಬ ಉದ್ದವಾಯಿತು. ಬಂಗಾರಪೇಟೆಯಲ್ಲಿ ಇಳಿದಾಗ ಮಂಜು ಹರಿದು ಬಿಸಿಲು ಬಂದಿತ್ತು.

ಸ್ಟೇಷನ್ ರಸ್ತೆಯ ಅಂಗಡಿಯಾತ ಎರಡೂ ಎಣ್ಣೆಯ ಡಬ್ಬಿಗಳ ಧೂಳು ಒರೆಸಿ ಕೊಟ್ಟ. ನಾನು ಹಟ ಮಾಡಿ, ಬಿಚ್ಚಿದ್ದ ಇನ್ನೊಂದು ಡಬ್ಬಿಯಿಂದ ಒಂದು ತೊಟ್ಟು ಬೆರಳಿಗೆ ಹಾಕಿಸಿಕೊಂಡು ಉಜ್ಜಿದೆ. ನೀರಿನ ಹಾಗಿತ್ತು.

"ಏಮಣ್ಣಾ, ಬೆರಳಲ್ಲಿ ಗಾಡಿ ಓಡುಸ್ತೀಯಾ? ಎಣ್ಣೆ ಒಳಗೆ ಕೆಲ್ಸ ಮಾಡ್ಲಿ ಬಿಡು" ಎಂದ.

ಮರಳಿ ವರ್ಕ್‌ಶಾಪ್ ಸೇರಿದಾಗ ಒಂದೂವರೆ. ಸಗಾಯಂ ಹಳೆಯ ಎಣ್ಣೆ ಪೂರ್ತಿ ಇಳಿಸಿದ್ದ. ಹೊಸದನ್ನು ಹಾಕಿ ಒಂದು ಸುತ್ತು ಓಡಿಸಿದೆವು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಹದಿನೇಳು ಗ್ಯಾರಂಟಿ ಎಂದೆ. ಅವನು ತಲೆ ಅಲ್ಲಾಡಿಸಿದ.

"ಎಣ್ಣೆಯಿಂದ ಲೀಟರಿಗೆ ಒಂದು ಕಿಲೋಮೀಟರ್ ಬಂದ್ರೆ ಜಾಸ್ತಿ. ಮಿಕ್ಕಿದ್ದು ಎಲ್ಲಿ ಓಗ್ತಾ ಇದೆ? ಒಂದು ಟ್ರಿಪ್ಪು ಎಷ್ಟು ದೂರ?"

"ಮೂವತ್ತು."

"ಎಷ್ಟೊತ್ತು?"

"ಮೂರು ಗಂಟೆ."

"ಓಡೋದು ಒಂದು ಗಂಟೆ. ಹಾಲು ಅಳೆಯೋವರೆಗೂ ಎಂಜಿನ್ ಆಫ್ ಮಾಡ್ತೀಯಾ ಇಲ್ವಾ?"

ನಾನು ಆಫ್ ಮಾಡುತ್ತಿರಲಿಲ್ಲ. ಮೊದಲು ರತ್ನಳೇ ಕೈ ಚಾಚಿ ಕೀಲಿ ತಿರುಗಿಸುತ್ತಿದ್ದಳು. ಅವಳು ಹೋದ ಮೇಲೆ ಎಂಜಿನ್ ನಿಂತ ತಕ್ಷಣ ಕ್ಯಾಬಿನ್ನಿನಲ್ಲಿ ಹುಟ್ಟುವ ಮೌನ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಗಡಗಡ ಸದ್ದಾದರೂ ಜೊತೆಗಿರಲಿ ಎಂದು ಬಿಟ್ಟಿದ್ದೆ. ಡೀಸೆಲ್ ಕುಡಿದದ್ದು ಗಾಡಿಯಲ್ಲ, ನಾನು.

"ಬ್ಯಾಟರಿ ವೀಕಣ್ಣ, ಮತ್ತೆ ಸ್ಟಾರ್ಟಾಗಲ್ಲ" ಎಂದು ಸುಳ್ಳು ಹೇಳಿದೆ.

ಸಗಾಯಂ ಬ್ಯಾಟರಿ ಕಡೆ ನೋಡಲೂ ಇಲ್ಲ. "ಬ್ಯಾಟರಿ ಚೆನ್ನಾಗೈತೆ ಪಾ. ಆಫ್ ಮಾಡು" ಎಂದಷ್ಟೇ ಹೇಳಿ ಕೈ ಒರೆಸಿಕೊಂಡ.

ಸಂಜೆಯ ರೂಟಿಗೆ ನೇರವಾಗಿ ಅಲ್ಲಿಂದಲೇ ಹೋದೆ. ಮೊದಲ ಹಳ್ಳಿಯ ಡೇರಿಯ ಮುಂದೆ ನಿಲ್ಲಿಸಿ ಕೀಲಿಯ ಮೇಲೆ ಕೈ ಇಟ್ಟೆ. ಆಮೇಲೆ ತಿರುಗಿಸಿದೆ. ಗಾಡಿ ಒಮ್ಮೆ ನಡುಗಿ ನಿಂತಿತು. ಪಕ್ಕದ ಸೀಟು ಅಷ್ಟು ಖಾಲಿಯಾಗಿ ನನಗೆ ಎಂದೂ ಕಂಡಿರಲಿಲ್ಲ. ಅಳು ಒತ್ತರಿಸಿ ಬಂತು, ಮತ್ತೆ ಸ್ಟಾರ್ಟ್ ಮಾಡಿಬಿಡೋಣ ಎನಿಸಿತು.

ಹಾಲು ಅಳೆಯುವ ಲಕ್ಷ್ಮೀದೇವಮ್ಮ ಅಷ್ಟರಲ್ಲಿ ಒಳಗಿನಿಂದಲೇ ಏನೋ ಹೇಳಿದಳು. ಎಂದಿನಂತೆ ತಲೆಯಾಡಿಸಿದೆ. ಆದರೆ ಇವತ್ತು ಎಂಜಿನ್ ಸದ್ದಿಲ್ಲದೆ ಮಾತು ಸ್ಪಷ್ಟವಾಗಿ ಕಿವಿಗೆ ಬಿದ್ದಿತ್ತು.

"ಉಂಡ್ಯಾ ಅಣ್ಣ?"

"ಇಲ್ಲಮ್ಮ" ಎಂದೆ.

ಅವಳು ಅಳತೆಯ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಮತ್ತೆ ದಿನಾ ಊಂ ಅಂತ ತಲೆ ಆಡುಸ್ತಿದ್ದೆ? ರತ್ನಕ್ಕ ಓದಾಗಿಂದ ಒಂದು ದಿನ ಬಿಡ್ದೆ ಕೇಳ್ತಾ ಇವ್ನಿ ನಾನು."