ಮಾವನ ಮನೆಗೆ ಮಾವನೇ ಗೆಸ್ಟ್

ಕಳೆದ ಚಳಿಗಾಲದಲ್ಲಿ ನಮ್ಮ ಮಾವನವರಿಗೆ ಅವರದೇ ಮನೆಯಲ್ಲಿ ಉಳಿದುಕೊಳ್ಳಲು ನಾನು ಲಿಖಿತ ಅನುಮತಿ ಕೊಟ್ಟೆ. ನಗಬೇಡಿ. ಸಹಿ ಹಾಕಿ, ನೋಟರಿ ಸೀಲ್ ಒತ್ತಿಸಿ ಕೊಟ್ಟೆ.

ನಾನು ಜೀವನ್ ಬಿಮಾ ನಗರದಲ್ಲಿ ಮಾವನ ಮನೆಯಲ್ಲೇ ಇರುವ ಮನೆ ಅಳಿಯ. ಮಾವ ತಮ್ಮ ಪಿ.ಎಫ್. ಎಲ್ಲ ಸುರಿದು ಕಟ್ಟಿಸಿದ ಮನೆ. ಗೇಟಿನ ಗ್ರಾನೈಟ್ ಮೇಲೆ ಇಂದಿಗೂ ಅವರದೇ ಹೆಸರು. ಹಿರಿಯ ಮಗಳು ಕೆನಡಾದಲ್ಲಿ ಹಲ್ಲಿನ ಡಾಕ್ಟರು. ಅತ್ತೆ ಮಾವ ಅವಳ ಜೊತೆ ನೆಲೆಸಿ, ಅಲ್ಲಿನ ಪೌರತ್ವವನ್ನೂ ಪಡೆದು, ಈ ಮನೆಯನ್ನು ನಮಗೆ ಬಿಟ್ಟಿದ್ದಾರೆ (ಬಾಡಿಗೆಯ ಪ್ರಶ್ನೆ ದಯವಿಟ್ಟು ಬೇಡ).

ಆಗ ನನ್ನ ಹೆಂಡತಿ ಸುಧಾಗೆ ಏಳು ತಿಂಗಳು. ಚೊಚ್ಚಲು. ಬಾಣಂತನಕ್ಕೆ ತವರಿಗೆ ಹೋಗಬೇಕು. ಆದರೆ ಅವಳು ಇರುವುದೇ ತವರಿನಲ್ಲಿ, ತವರಿನವರೇ ಇಲ್ಲ! ಅವರನ್ನೇ ಇಲ್ಲಿಗೆ ಕರೆಸುವುದು ಎಂದಾಯಿತು.

ಅಷ್ಟು ಸುಲಭವೇ? ಅವರೀಗ ಫಾರಿನ್‌ನವರು. ವೀಸಾ ಬೇಕು. ಅಲ್ಲಿನ ಏಜೆಂಟ್ ಇಲ್ಲಿಂದ ಸ್ಪಾನ್ಸರ್ ಪತ್ರ ತರಿಸಿ ಎಂದನಂತೆ. "ಇವರು ನನ್ನ ಮನೆಯಲ್ಲಿ ಅತಿಥಿಗಳಾಗಿ ಇರುತ್ತಾರೆ, ಇಂಥ ದಿನ ಖಂಡಿತ ವಾಪಸ್ ಹೋಗುತ್ತಾರೆ" ಎಂದು ನಾನು ಬರೆದುಕೊಡಬೇಕು.

ಇಂಥ ದಿನ ಅಂದರೆ ಯಾವ ದಿನ? ಫೋನ್ ಮಾಡಿ ಕೇಳಿಯೇಬಿಟ್ಟೆ.

"ಮಾವ, ನೀವು ಯಾವಾಗ ವಾಪಸ್ ಹೋಗ್ತೀರಿ?"



"ಅಳಿಯಂದ್ರೇ, ನಾವಿನ್ನೂ ಬಂದೇ ಇಲ್ವಲ್ರೀ. ಆಗ್ಲೇ ಹೋಗೋದು ಕೇಳ್ತಿದ್ದೀರಾ?"

"ಅಯ್ಯೋ, ಬರೀ ಫಾರ್ಮಾಲಿಟಿ ಮಾವ. ಗೆಸ್ಟ್ ಎಷ್ಟು ದಿನ ಇರ್ತಾರೆ ಅಂತ..."

"ನನ್ನ ಮನೇಲಿ ನಾನು ಗೆಸ್ಟಾ? ಬೇಡ ಬಿಡಿ. ನಾವು ಬರೋದೇ ಇಲ್ಲ."

ಫೋನ್ ಕುಕ್ಕಿದರು.

ನಮ್ಮಲ್ಲಿ ನೆಂಟರನ್ನು ಏನು ಬೇಕಾದರೂ ಕೇಳಬಹುದು. ಸಂಬಳ ಎಷ್ಟು, ಶುಗರ್ ಎಷ್ಟು, ಮಗಳಿಗೆ ಯಾಕಿನ್ನೂ ಗಂಡು ಸಿಕ್ಕಿಲ್ಲ. ಯಾವಾಗ ಹೊರಡ್ತೀರಿ ಎಂದು ಮಾತ್ರ ಕೇಳುವಂತಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಿಂತವರಿಗೂ "ಇಷ್ಟು ಬೇಗ ಯಾಕೆ?" ಎನ್ನಬೇಕು (ಒಳಗೊಳಗೆ ಹಾಯೆನಿಸಿದರೂ). ಆ ಏಜೆಂಟನಿಗೆ ಇದು ಗೊತ್ತಿಲ್ಲ, ಸರಿ. ನನಗೆ ಗೊತ್ತಿರಲಿಲ್ಲವೇ?

ಸುಧಾ ಊಟದ ತಟ್ಟೆ ಸರಿಸಿದಳು. "ಅಮ್ಮ ಇಲ್ದೆ ಆಸ್ಪತ್ರೆಗೆ ಹೋಗೋಕೆ ನಂಗೆ ಭಯ ಆಗತ್ತೆ ರೀ" ಎಂದು ಅತ್ತೇಬಿಟ್ಟಳು. ನನಗೂ ಭಯವೇ. ಮಗುವನ್ನು ಎತ್ತಿಕೊಳ್ಳುವುದು ಹೇಗೆಂದು ಇಬ್ಬರಿಗೂ ಗೊತ್ತಿಲ್ಲ.

ಮರುದಿನ ಅತ್ತೆಯೇ ಫೋನ್ ಮಾಡಿದರು. "ಮಗೂಗೆ ಐದು ತಿಂಗಳು ತುಂಬೋವರೆಗೂ ಬಾಣಂತನ. ಆ ಲೆಕ್ಕ ಹಿಡಿದು ಡೇಟ್ ಬರೀರಿ. ಇವ್ರನ್ನ ನಾನು ನೋಡ್ಕೋತೀನಿ."

ಬರೆದೆ. ವೀಸಾ ಬಂತು. ಅವರೂ ಬಂದರು. ಏರ್‌ಪೋರ್ಟಿನಿಂದ ನಮ್ಮ ಮನೆಗೆ ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆಯ ಪ್ರಯಾಣ. ಗೇಟಿನ ಬಳಿ ಇಳಿದ ಮಾವ ತಮ್ಮ ಹೆಸರಿನ ಪಕ್ಕವೇ ಸೂಟ್‌ಕೇಸ್ ಇಟ್ಟು ನಿಂತುಬಿಟ್ಟರು.

"ಸ್ಪಾನ್ಸರ್ ಸಾಹೇಬ್ರೇ, ಒಳಗೆ ಬರಬಹುದಾ?"

ಸುಧಾ ನಕ್ಕಳು, ಅತ್ತೆ ನಕ್ಕರು. ನನಗೆ ನಾಚಿಕೆಯಾಯಿತು.

ಈಗ ಮೊಮ್ಮಗಳಿಗೆ ಐದು ತಿಂಗಳು ತುಂಬುತ್ತಿದೆ. ಅಜ್ಜನ ಎದೆಯ ಮೇಲೆ ಮಲಗದಿದ್ದರೆ ಅವಳಿಗೆ ನಿದ್ದೆಯಿಲ್ಲ. ಮೊನ್ನೆ ನಾನೇ ಹೇಳಿದೆ, "ಇನ್ನೊಂದು ತಿಂಗಳು ಇದ್ದು ಹೋಗಿ ಮಾವ."

"ಹೇಗಾಗತ್ತೆ? ನೀವು ಗ್ಯಾರಂಟಿ ಕೊಟ್ಬಿಟ್ಟಿದ್ದೀರಲ್ಲ!" ಎಂದು ನಕ್ಕು, ಮಗುವಿನ ಟೋಪಿ ಸರಿಮಾಡಿದರು. ಹಾಗೆ ಸರಿಮಾಡುತ್ತಲೇ ಇದ್ದರು.

ನಾಲ್ಕು ವರ್ಷದಿಂದ ನಾನು ಅವರ ಮನೆಯಲ್ಲಿದ್ದೇನೆ. ಯಾವಾಗ ಹೋಗ್ತೀರಿ ಎಂದು ಅವರು ಒಮ್ಮೆಯಾದರೂ ಕೇಳಿದ್ದಾರೆಯೇ?