ಉಪವಾಸದ ದಿನದ ಮನೆಭೇಟಿ

ಸೋಹಾಗ್ ಸೀಮೆಯ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿ ಬರೆದುಕೊಳ್ಳುವುದೇ ಇನ್ಶಿರಾಹ್‌ಳ ಸರ್ಕಾರಿ ಕೆಲಸ. ಯಾವ ಹಳ್ಳಿಗೆ ಹಿಟ್ಟು, ಎಣ್ಣೆ ಕೊಡಬೇಕೆಂಬುದು ಆ ಲೆಕ್ಕದ ಮೇಲೆಯೇ ತೀರ್ಮಾನವಾಗುತ್ತಿತ್ತು. ಆ ವರ್ಷ ಸವಾಕಿ ಎಂಬ ಹಳ್ಳಿಗೆ ನೆರವು ನಿಂತೇ ಹೋಯಿತು. ಲೆಕ್ಕದ ಪ್ರಕಾರ ಅಲ್ಲಿನವರು ವಾರಕ್ಕೆರಡು ಸಲ ಮಾಂಸ ಉಣ್ಣುತ್ತಾರಂತೆ!

ಇನ್ಶಿರಾಹ್‌ಗೆ ನಂಬಿಕೆಯೇ ಬರಲಿಲ್ಲ. ಸವಾಕಿಗೆ ಹೋಗಿ ವಿಧವೆ ಉಮ್ಮ್ ರಿಫಾಯಿಯನ್ನು ಕೇಳಿದಳು: "ಅವ್ವಾ, ನಾನು ಬಂದಿದ್ದ ವಾರ ಎರಡು ಸಲ ಮಾಂಸ ಮಾಡಿದ್ದು ನಿಜಾನಾ?"

"ಮತ್ತ ಸುಳ್ಳು ಹೇಳ್ತೀನೇನು? ಬಾತುಕೋಳಿ."

"ಯಾರು ತಿಂದ್ರು?"

"ನೀನ ತಿಂದಿಯಲ್ಲ ತಂಗಿ! ಕಾಲು ಚೀಪಿದ್ದು ಮರ್ತೇನು?"

ಇನ್ಶಿರಾಹ್‌ಳ ಮುಖ ಕೆಂಪೇರಿತು. ಸಮೀಕ್ಷೆಯವರು ವಾರಕ್ಕೆರಡು ಸಲ ಬರುತ್ತಿದ್ದರು. ಬಂದಾಗಲೆಲ್ಲ ಪ್ರತಿ ಮನೆಯವರೂ ಕೋಳಿಯೋ ಬಾತೋ ಕೊಯ್ಯುತ್ತಿದ್ದರು. ಅತಿಥಿ ತಿಂದದ್ದನ್ನು ಬಡವರ ತಲೆಗೆ ಕಟ್ಟಿದ್ದಾಗಿತ್ತು.

ಪಕ್ಕದ ಮನೆಯಲ್ಲಿ ಊಟ ಬೇಡವೆಂದು ಹೇಳಿ ನೋಡಿದಳು. "ನಮ್ಮನಿ ಅನ್ನ ಕಹಿ ಏನು?" ಎಂದು ಮನೆಯೊಡತಿ ಬಾಗಿಲು ಹಾಕಿಕೊಂಡಳು. ಅತಿಥಿಯ ಪಾಲು ಲೆಕ್ಕದಿಂದ ಬಿಡೋಣವೆಂದರೆ ಕಚೇರಿಯ ಸಾಹೇಬರು ಸಿಡುಕಿದರು: "ಮನೇಲಿ ಬೆಂದದ್ದೆಲ್ಲ ಬರೀಲೇಬೇಕಮ್ಮ. ಒಂದು ತುತ್ತು ತಿಂದ್ರೆ ಲೋಕ ಮುಳುಗುತ್ತಾ?"

ಉಪಾಯ ಹೊಳೆದದ್ದು ತನ್ನ ತಾಯಿಯನ್ನು ನೋಡಿ. ಸೋಮವಾರ, ಗುರುವಾರ ಹೊತ್ತು ಮುಳುಗುವವರೆಗೆ ಉಪವಾಸವಿರುತ್ತಿದ್ದ ಆಕೆಯ ಮುಂದೆ ಯಾರೂ ತಟ್ಟೆ ಇಡುತ್ತಿರಲಿಲ್ಲ, ಬೇಸರವನ್ನೂ ಪಡುತ್ತಿರಲಿಲ್ಲ. ಇನ್ನು ಮನೆಭೇಟಿ ಆ ಎರಡೇ ದಿನ, ಹೋಗುವವರು ನಿಜವಾಗಿಯೂ ಉಪವಾಸ ಎಂದು ಹಟ ಹಿಡಿದು ಸಾಹೇಬರನ್ನು ಒಪ್ಪಿಸಿದಳು.

ಮರುವರ್ಷ ಉಮ್ಮ್ ರಿಫಾಯಿ ಅವಳನ್ನು ಕಂಡದ್ದೇ ಚಾಕು ಹಿಡಿದು ಅಂಗಳಕ್ಕೆ ಹೊರಟಳು. ಉಳಿದಿದ್ದದ್ದು ಮೊಟ್ಟೆಯಿಡುವ ಒಂದೇ ಬಾತು.

"ಅವ್ವಾ, ಇವತ್ತು ನನಗೆ ಉಪವಾಸ."

"ಖರೇನ?" ಚಾಕು ಕೆಳಗಿಟ್ಟು ಆಕೆ ಉಸ್ಸೆಂದು ಕೂತಳು. ಬಾತು ಉಳಿಯಿತು, ಮಾನವೂ ಉಳಿಯಿತು. "ಅಲ್ಲಾ ದೊಡ್ಡಾಂವ! ಹಂಗಾದ್ರ ಸಂಜಿಮಟ ಇರು. ಉಪಾಸ ಬಿಡಿಸಿದ ಪುಣ್ಯ ನನಗ ಬರ್ಲಿ."

"ಮಧ್ಯಾಹ್ನಾನೇ ಬಸ್ಸು, ಅವ್ವಾ," ಎಂದು ಇನ್ಶಿರಾಹ್ ನಗುತ್ತ ಎದ್ದಳು.

ಆ ಸಲದ ಲೆಕ್ಕದಲ್ಲಿ ಮಾಂಸ ಹಬ್ಬಕ್ಕೆ ಮಾತ್ರ ಕಂಡಿತು. ಸವಾಕಿಗೆ ಹಿಟ್ಟು, ಎಣ್ಣೆ ಮರಳಿ ಬಂದವು. ಸುದ್ದಿ ಕೇಳಿ ಇನ್ಶಿರಾಹ್‌ಳ ಎದೆಯ ಮೇಲಿನ ಭಾರ ಇಳಿಯಿತು. ನಿವೃತ್ತಿಯಾಗುವವರೆಗೂ ಅವಳು ಸೋಮವಾರ, ಗುರುವಾರವೇ ಹಳ್ಳಿ ಸುತ್ತಿದಳು. ಹೊಸಬರಿಗೂ ಅದನ್ನೇ ಕಲಿಸಿದಳು.

ನಿವೃತ್ತಿಯ ನಂತರ ಒಂದು ಮಂಗಳವಾರ, ಪೆನ್ನು ಕಾಗದ ಮನೆಯಲ್ಲೇ ಬಿಟ್ಟು ಸವಾಕಿಗೆ ಹೋದಳು. ಉಮ್ಮ್ ರಿಫಾಯಿ ಹಣ್ಣುಹಣ್ಣು ಮುದುಕಿಯಾಗಿದ್ದಳು. ಅಂಗಳದ ತುಂಬ ಬಾತುಗಳು.

"ಇವತ್ತೂ ಉಪಾಸ ಏನು?"

"ಇಲ್ಲವ್ವಾ."

ಮುದುಕಿ ಸೊಸೆಯನ್ನು ಕೂಗಿ ಚಾಕು ತರಿಸಿದಳು. ಊಟದ ಹೊತ್ತಿಗೆ ಕಾಲಿನ ತುಂಡನ್ನು ತಾನೇ ಆರಿಸಿ ಅವಳ ಮುಂದಿಟ್ಟಳು.

"ಉಣ್ಣವ್ವ, ಹೊಟ್ಟಿ ತುಂಬ ಉಣ್ಣು," ಎಂದಳು. "ಇದೊಂದು ಬರ್ಕೋಬ್ಯಾಡ."