ಏರಿಯ ಮೇಲಿನ ಸಭೆ

ನಾನು ಹನ್ನೆರಡು ಹಾಳೆ ಬರೆದಿದ್ದೆ, ಅದೂ ಇಂಗ್ಲಿಷಿನಲ್ಲಿ. ಅಸಿಸ್ಟೆಂಟ್ ಕಮೀಷನರ್ ಸಾಹೇಬರು ಎರಡು ಹಾಳೆ ತಿರುವಿ ಪಕ್ಕಕ್ಕಿಟ್ಟರು. ಕೊರಟಗೆರೆ ಕಡೆಯ ಶೇಕ್ದಾರರೊಬ್ಬರು ಕನ್ನಡದಲ್ಲಿ ಅರ್ಧ ಹಾಳೆ ಬರೆದು ಕಳಿಸಿದ್ದರು. ಅದನ್ನು ಮಾತ್ರ ಎರಡು ಸಲ ಓದಿದರು, ಎರಡನೆಯ ಸಲ ಕಚೇರಿಗೆಲ್ಲ ಕೇಳುವ ಹಾಗೆ. ಹೋಬಳಿಯೊಂದನ್ನು ನೋಡಿಕೊಳ್ಳುವ ಶೇಕ್ದಾರರು ಅವರು; ಲೋಯರ್ ಸೆಕೆಂಡರಿಯಿಂದಾಚೆ ಓದಿದವರಲ್ಲ. ನಾನು ಬಿ.ಎ.

ಆ ಬಿ.ಎ. ಸುಮ್ಮನೆ ಬಂದದ್ದಲ್ಲ. ಸಿರಾ ತಾಲ್ಲೂಕಿನ ತಾವರೆಕೆರೆ ಕಡೆಯವನು ನಾನು. ನಮ್ಮ ವಂಶದಲ್ಲಿ ಸ್ಲೇಟು ಹಿಡಿದ ಮೊದಲ ಕೈ ನನ್ನದು. ತುಮಕೂರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಮುದ್ದೆ ತಿಂದು, ಬೆಂಗಳೂರಿನಲ್ಲಿ ಯಾರ ಮನೆಗೋ ನೀರು ಸೇದಿ ಹಾಕಿ ಓದಿದ್ದೆ. ಮಧುಗಿರಿಯ ಕಚೇರಿಯಲ್ಲಿ ಗುಮಾಸ್ತನಾಗಿ ಕೂತ ದಿನ, ಅಲ್ಲಿ ನನ್ನಷ್ಟು ಓದಿದವರು ಸಾಹೇಬರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಆ ಲೆಕ್ಕ ನನ್ನ ತಲೆಯಿಂದ ಒಂದು ದಿನವೂ ಇಳಿಯುತ್ತಿರಲಿಲ್ಲ.

ಸಾಹೇಬರು ಕೇಳಿದ್ದ ಪ್ರಶ್ನೆ ಅವರದ್ದಲ್ಲ, ಮೇಲಿಂದ ಬಂದದ್ದು. ಸರ್ಕಾರ ಹಳ್ಳಿಹಳ್ಳಿಗೆ ಪಂಚಾಯಿತಿ ಮಾಡಿತ್ತು. ಪಂಚಾಯಿತಿಗಳು ಕಾಗದದ ಮೇಲೆ ಇದ್ದವು, ಸಭೆ ಮಾತ್ರ ಸೇರುತ್ತಿರಲಿಲ್ಲ. ಏಕೆಂದು ಬೆಂಗಳೂರಿನ ಹುಜೂರು ಕಚೇರಿ ತುಮಕೂರನ್ನು ಕೇಳಿತು, ತುಮಕೂರು ನಮ್ಮನ್ನು ಕೇಳಿತು. ನಾವು ನಾಲ್ಕು ತಾಲ್ಲೂಕಿನ ಅಮಲ್ದಾರರನ್ನು ಕೇಳಿದೆವು, ಅವರು ಶೇಕ್ದಾರರನ್ನು, ಶೇಕ್ದಾರರು ಶಾನುಭೋಗರನ್ನು. ಉತ್ತರ ಅದೇ ಮೆಟ್ಟಿಲು ಹತ್ತಿ ಬಂತು. ಪಾವಗಡದಿಂದ ಬಂದದ್ದೂ ಸಿರಾದಿಂದ ಬಂದದ್ದೂ ಒಂದೇ ಮಾತು: ತಕ್ಕ ಕ್ರಮ ಜರುಗಿಸಲಾಗುತ್ತಿದೆ. ಅದಕ್ಕೇ ನಾನು ಹನ್ನೆರಡು ಹಾಳೆಯಲ್ಲಿ ಜನರ ಅಜ್ಞಾನ, ಶಿಕ್ಷಣದ ಕೊರತೆ, ಮೇಲ್ವಿಚಾರಣೆಯ ಅಗತ್ಯ ಎಲ್ಲವನ್ನೂ ವಿವರಿಸಿದ್ದೆ.

ಶೇಕ್ದಾರರು ಬರೆದದ್ದು ಇಷ್ಟೆ. ತೋವಿನಕೆರೆಯಾಚೆಯ ಒಂದು ಹಳ್ಳಿಯಲ್ಲಿ ಸಭೆ ಚಾವಡಿಯಲ್ಲಿ ನಡೆಯುತ್ತಿತ್ತು. ಪಟೇಲರು ಜಗಲಿಯ ಮೇಲೆ ಕೂರುವರು. ಊರಾಚೆ ಕೇರಿಯಿಂದ ನೇಮಕವಾದ ಸದಸ್ಯ ಚಾವಡಿ ಹತ್ತುವ ಹಾಗಿಲ್ಲವಾದ್ದರಿಂದ ಬೀದಿಯಲ್ಲೇ ನಿಲ್ಲುವನು. ನಿಂತವನು ಮಾತಾಡುವುದಿಲ್ಲ, ಕೂತವರಿಗೆ ಕೇಳುವ ಅಗತ್ಯವಿಲ್ಲ. ಹೀಗಾಗಿ ಸಭೆಯೇ ನಿಂತಿತ್ತು. ಕೆರೆ ಏರಿಯ ಮೇಲೆ ಎಲ್ಲರೂ ನೆಲದಲ್ಲೇ ಕೂರುತ್ತಾರೆಂದು ಸಭೆಯನ್ನು ಅಲ್ಲಿಗೆ ತಂದಿದ್ದೇನೆ, ಆಮೇಲೆ ಒಂದು ತಿಂಗಳೂ ತಪ್ಪಿಲ್ಲ, ಕೇರಿಗೆ ಬಾವಿ ತೆಗೆಯಲು ತೀರ್ಮಾನವಾಗಿದೆ ಎಂದು ಮುಗಿಸಿದ್ದರು.

"ಇಂಥವರನ್ನು ಮೇಲಕ್ಕೆ ತರಬೇಕು," ಎಂದರು ಸಾಹೇಬರು.

ಹೊರಗೆ ಬಂದಾಗ ಕಚೇರಿಯ ದಫೇದಾರರಾದ ಸಿರಾದ ಸಾಬರು ಬಾಗಿಲ ಹತ್ತಿರ ಕಾದಿದ್ದರು. "ಕ್ಯಾ ಸಾಬ್, ಒಂದ್ ಕಡೆ ಹನ್ನೆಲ್ಡು ಹಾಳೆ, ಒಂದ್ ಕಡೆ ಅರ್ಧ ಹಾಳೆ. ತಕ್ಕಡಿ ಆ ಕಡೀಕೇ ಬಗ್ಗೋಯ್ತಲ್ಲ," ಎಂದರು. ನಾನು ನಕ್ಕೆ.

ಆ ಸಭೆಯನ್ನು ನೋಡಿ ಬರಲು ಸಾಹೇಬರು ನನ್ನನ್ನೇ ಕಳಿಸಿದರು. ಏರಿಯ ಮೇಲೆ ಹೊಂಗೆ ಮರದ ನೆರಳಿನಲ್ಲಿ ಐದಾರು ಜನ ಕೂತಿದ್ದರು. ಪಟೇಲರು ಟವೆಲ್ ಹಾಸಿಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಕೇರಿಯ ಸದಸ್ಯ, ಬಿಳಿ ಮೀಸೆಯ ಮುದುಕ, ಸ್ವಲ್ಪ ದೂರದಲ್ಲಿ ಕೂತಿದ್ದ. ಆದರೆ ಕೂತಿದ್ದ. ಕೆರೆಯ ತೂಬಿನ ಬಗ್ಗೆ ಪಟೇಲರ ಮಾತಿಗೆ ಅಡ್ಡ ಮಾತೂ ಆಡಿದ. ಶೇಕ್ದಾರರು ಹೆಚ್ಚು ಮಾತಾಡಲಿಲ್ಲ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಶೇಕ್ದಾರಪ್ಪ ಎಂದು ಕೇಳಿ ಹೋಗುತ್ತಿದ್ದರು. ನನ್ನ ಕೋಟು, ಪೇಟ, ಕೈಯಲ್ಲಿದ್ದ ಚರ್ಮದ ಚೀಲ ಯಾವುದನ್ನೂ ಅವರು ನೋಡಲಿಲ್ಲ. ಕೇರಿಯ ಪಕ್ಕದ ಬಾವಿ ಆಗಲೇ ಆಳುದ್ದ ಇಳಿದಿತ್ತು.

ಒಳ್ಳೆಯದನ್ನು ಕಣ್ಣಾರೆ ಕಂಡೂ ಅದರಲ್ಲಿ ತಪ್ಪು ಹುಡುಕುವ ಓದು ನನಗೆ ಚೆನ್ನಾಗಿ ಬಂದಿತ್ತು. ವಾಪಸು ಬಂದು ನಿಯಮಾವಳಿ ತೆಗೆದೆ. ಸಭೆ ಗೊತ್ತುಪಡಿಸಿದ ಸ್ಥಳದಲ್ಲೇ ನಡೆಯಬೇಕು ಎಂದಿತ್ತು. ಆ ಹಳ್ಳಿಗೆ ಗೊತ್ತುಪಡಿಸಿದ ಸ್ಥಳ ಚಾವಡಿ. ಅದರ ಮರುಸಾಲಿನಲ್ಲೇ, ಅಮಲ್ದಾರರ ಅಪ್ಪಣೆ ಪಡೆದು ಸ್ಥಳ ಬದಲಿಸಬಹುದು ಎಂದೂ ಇತ್ತು. ನಾನು ಮೊದಲ ಸಾಲನ್ನು ಟಿಪ್ಪಣಿಗೆ ಇಳಿಸಿದೆ, ಮರುಸಾಲನ್ನು ಬಿಟ್ಟೆ. ಕಣ್ತಪ್ಪಿ ಅಲ್ಲ. ಏರಿಯ ಮೇಲಿನ ತೀರ್ಮಾನಗಳು ಊರ್ಜಿತವಲ್ಲ, ಚಾವಡಿಯಲ್ಲಿ ಮತ್ತೆ ಮಂಡಿಸತಕ್ಕದ್ದು ಎಂದು ಬರೆದು ಮುಂದಿಟ್ಟೆ. ಸಾಹೇಬರು ಬಹಳ ಹೊತ್ತು ನೋಡಿ, ನಿಯಮವಿದ್ದರೆ ಏನು ಮಾಡಲಾದೀತು ಎಂದು ರುಜು ಹಾಕಿದರು.

ಆ ಚಾವಡಿ ಸಭೆಗೆ ನಾನೂ ಹೋದೆ. ನನಗೆ ಜಗಲಿಯ ಮೇಲೆ ಕುರ್ಚಿ ಹಾಕಿದ್ದರು. ಮುದುಕ ಬೀದಿಯಲ್ಲಿ, ಬಿಸಿಲಿನಲ್ಲಿ, ಕೈಕಟ್ಟಿ ನಿಂತಿದ್ದ. ಬಾವಿಯ ವಿಷಯ ಬಂದಾಗ ಪಟೇಲರು ಕೆಳಕ್ಕೆ ನೋಡಿದರು.

"ಏನ್ಲಾ, ಬಾವಿ ಇಚಾರ. ಈಗ್ಲೇ ಆಗ್ಬೇಕಾ, ಮುಂದಕ್ಕೆ ನೋಡಾನಾ?"

"ನಾನೇನೇಳ್ಲಿ ಬುದ್ದಿ. ದೊಡ್ಡೋರು ನೀವು ಹೆಂಗಂದ್ರೆ ಅಂಗೆ."

ಮುಂದಕ್ಕೆ ನೋಡೋಣ ಎಂದು ಬರೆದುಕೊಂಡರು. ಅಗೆಯುವುದು ಅವತ್ತೇ ನಿಂತಿತು. ಕೇರಿಯ ಹೆಂಗಸರು ಹಳ್ಳದ ಒರತೆಗೆ ಮತ್ತೆ ಹೊರಟರು.

ಶೇಕ್ದಾರರು ನನ್ನನ್ನು ಗಾಡಿಯವರೆಗೆ ಬಿಡಲು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ಬರ್ದಿದ್ದು ಸರಿಯಾಗೇ ಐತೆ ಸ್ವಾಮಿ. ನಂಗೆ ಕಾನೂನು ಅಷ್ಟು ತಿಳೀದು," ಎಂದರು. "ಆ ಏರೀನೇ ಸಭೆ ಜಾಗ ಅಂತ ಮಾಡ್ಬೇಕು ಅಂದ್ರೆ ಹೆಂಗ್ ಬರೀಬೇಕು? ಓದಿದೋರು ನೀವು, ಒಂದೀಟು ಹೇಳ್ಕೊಡಿ. ಆ ಬಾವಿ ಅರ್ಧಕ್ಕೇ ನಿಂತ್ಬುಟ್ಟೈತೆ."

ನೋಡಿ ಹೇಳುತ್ತೇನೆ ಎಂದೆ. ನೋಡುವುದೇನಿತ್ತು? ಆ ಸಾಲು ನನಗೆ ಬಾಯಿಪಾಠವಾಗಿತ್ತು. ಮೂರು ವಾರ ಸುಮ್ಮನಿದ್ದೆ. ಅಷ್ಟರಲ್ಲಿ ಅವರ ಜ್ಞಾಪಕದ ಕಾಗದ ಎರಡು ಸಲ ಬಂತು, ಎರಡರಲ್ಲೂ ಮೊದಲ ಮಾತು ನನ್ನ ಕ್ಷೇಮಸಮಾಚಾರ. ಕೊನೆಗೆ ಬರೆದೆ. ಆದರೆ ಅವರಿಗಲ್ಲ. ಸ್ಥಳ ಬದಲಿಸಲು ನಿಯಮದಲ್ಲೇ ಅವಕಾಶವಿದೆ, ಎಲ್ಲರೂ ಸಮನಾಗಿ ಕೂರುವ ಬಯಲಿನಲ್ಲಿ ಸಭೆ ಸೇರಿಸುವುದು ಉಚಿತ ಎಂದು ಸಾಹೇಬರಿಗೆ ನನ್ನದೇ ಸಲಹೆಯಾಗಿ ಬರೆದುಕೊಟ್ಟೆ. ಅವರಿಗೆ ಸಂತೋಷವಾಯಿತು. ಕಾಗದ ತುಮಕೂರಿಗೆ ಹೋಯಿತು, ಅಲ್ಲಿಂದ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಸುತ್ತೋಲೆಯಾಗಿ ಇಳಿಯಿತು. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದು ಮೆಚ್ಚುಗೆಯ ಮಾತು ಸೇರಿತು. ಮುಂದೆ ನನಗೆ ಬಡ್ತಿ ಸಿಕ್ಕಿದ್ದು ಆ ಸುತ್ತೋಲೆಯಿಂದಲೇ. ಶೇಕ್ದಾರರು ಅದೇ ಹೋಬಳಿಯಲ್ಲಿ ಶೇಕ್ದಾರರಾಗಿಯೇ ಉಳಿದರು.

ಸಭೆ ಮತ್ತೆ ಏರಿಗೆ ಬಂತು, ಅಗೆತ ಮುಂದುವರಿದು ಬಾವಿಯಲ್ಲಿ ನೀರು ಬಿತ್ತು. ಪೂಜೆಗೆ ಸಾಹೇಬರ ಪರವಾಗಿ ನಾನು ಹೋದೆ. ಕಾಯಿ, ಹೂವು, ಹೊಸ ಹಗ್ಗ ಎಲ್ಲ ಸಿದ್ಧವಾಗಿತ್ತು, ಆದರೆ ಮೊದಲ ಕೊಡ ಇಳಿಸಲು ಯಾರೂ ಏಳಲಿಲ್ಲ. ಶೇಕ್ದಾರರ ತಟ್ಟು ಕುದುರೆ ಇನ್ನೂ ಬಂದಿರಲಿಲ್ಲ. ಹೊತ್ತಾಗುತ್ತದೆ, ಶುರುಮಾಡಿ ಎಂದು ನಾನು ಎರಡು ಸಲ ಹೇಳಿದೆ. ಅವರು ಬರಲಿ ಎಂದು ಮುದುಕ ಮೆತ್ತಗೆ ಅಂದು ದಾರಿ ನೋಡುತ್ತ ಕೂತ.

ಬಂದರು. ಕೊಡ ಮೇಲೆ ಬಂತು. ಮುದುಕ ಅವರ ಬೊಗಸೆಗೆ ನೀರು ಹಾಕಿದ. ಅವರು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ಕೈ ತೋರಿಸಿದರು.

"ನಂಗಲ್ಲ ಕಣಪ್ಪ, ಇವ್ರಿಗೆ ಕೈಮುಗೀರಿ. ಇವ್ರು ಬರೀದಿದ್ರೆ ಬಾವಿ ಎಲ್ಲಿತ್ತು?"

ಅವರ ಮಾತಿನಲ್ಲಿ ಕೊಂಕು ಹುಡುಕಿದೆ, ಇರಲಿಲ್ಲ. ಅವರು ಹೇಳಿದರು ಎಂದು ಕೇರಿಯ ಜನವೆಲ್ಲ ನನಗೆ ಕೈಮುಗಿದರು. ಜೀವನದಲ್ಲಿ ಬಹಳ ಜನ ನನಗೆ ಕೈಮುಗಿದಿದ್ದಾರೆ, ಅಧಿಕಾರಕ್ಕೆ ಮುಗಿಯುತ್ತಾರೆ. ಅವತ್ತಿನದು ನನಗೆ ಬೇಕಾಗಿದ್ದ ನಮಸ್ಕಾರ, ಅದನ್ನೂ ಶೇಕ್ದಾರರ ಕೈಯಿಂದಲೇ ಈಸಿಕೊಳ್ಳಬೇಕಾಯಿತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನನಗೆ ಅವರ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.